ಇಬ್ಬರೇ, ಎರಡು ದಿನ, ಮಡಿಕೇರಿ: ಓದುಗರ ಪ್ರಶ್ನೆ, ಪ್ರವಾಸ ವಿಭಾಗದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಊರಿನ ಸುತ್ತ ಸುತ್ತಿವೆ. ಮದುವೆಯಾಗಿ ಆರು ತಿಂಗಳಾದವರು, ಇಪ್ಪತ್ತೈದನೆಯ ವಾರ್ಷಿಕೋತ್ಸವದವರು, ಮಕ್ಕಳನ್ನು ಅಜ್ಜಿಮನೆಗೆ ಬಿಟ್ಟು ಎರಡು ದಿನ ಕದಿಯಲು ಹೊರಟವರು, ಎಲ್ಲರಿಗೂ ಮಡಿಕೇರಿಯೇ ಬೇಕು. ಪತ್ರಗಳನ್ನು ಸ್ವಲ್ಪ ಕತ್ತರಿಸಿ, ಒಂದೇ ಬಗೆಯವನ್ನು ಸೇರಿಸಿ ಇಲ್ಲಿ ಕೊಟ್ಟಿದ್ದೇವೆ.

ಶುಕ್ರವಾರ ಸಂಜೆ ಆಫೀಸು ಮುಗಿಸಿ ಬೆಂಗಳೂರಿನಿಂದ ಕಾರಿನಲ್ಲಿ ಹೊರಟು ಭಾನುವಾರ ರಾತ್ರಿ ಮರಳಬೇಕು. ರಾಜಾಸೀಟ್, ಅಬ್ಬಿ, ಮಾಂದಲಪಟ್ಟಿ, ದುಬಾರೆ, ಬೈಲುಕುಪ್ಪೆ, ತಲಕಾವೇರಿ, ಭಾಗಮಂಡಲ, ನಾಲ್ಕುನಾಡು ಅರಮನೆ, ಕೋಟೆ, ಗದ್ದಿಗೆ... ಎಲ್ಲ ಮುಗಿಯುತ್ತದೆಯೇ? ಯಾವ ಕ್ರಮದಲ್ಲಿ? (ಬೆಂಗಳೂರು)

ಮುಗಿಯುತ್ತದೆ, ಕಾರಿನ ಕಿಟಕಿಯಿಂದ. ನಿಮ್ಮ ಪಟ್ಟಿ ಇಡೀ ಕೊಡಗು ಜಿಲ್ಲೆ ಮತ್ತು ಅದರ ಅಂಚಿನದು, ಮಡಿಕೇರಿಯದಲ್ಲ. ತಲಕಾವೇರಿ ಮಡಿಕೇರಿಯಿಂದ ಪಶ್ಚಿಮಕ್ಕೆ ಸುಮಾರು 48 ಕಿ.ಮೀ., ಬೈಲುಕುಪ್ಪೆ ಪೂರ್ವಕ್ಕೆ 35ರ ಆಸುಪಾಸು. ಗುಡ್ಡದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಸಿಕ್ಕರೆ ಅದೇ ಹೆಚ್ಚು. ಇವೆರಡನ್ನು ಒಂದೇ ದಿನಕ್ಕೆ ಹಾಕಿಕೊಂಡರೆ ಐದಾರು ಗಂಟೆ ಸ್ಟೀರಿಂಗ್ ಹಿಂದೆಯೇ ಹೋಯಿತು. ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ದಾರಿ ನೋಡುತ್ತಾರೆ. ಅದಕ್ಕೆ ಇಬ್ಬರೇ ಹೋಗಬೇಕಾದ್ದೇನೂ ಇಲ್ಲ.

ಮೊದಲು ಗಂಟೆಯ ಲೆಕ್ಕ ಹಾಕೋಣ. ಬೆಂಗಳೂರಿನಿಂದ ಮಡಿಕೇರಿಗೆ ಮೈಸೂರು ಮೇಲೆ ಸುಮಾರು 265 ಕಿ.ಮೀ. ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಪೂರ್ತಿ ತೆರೆದ ಮೇಲೆ ಕೆಂಗೇರಿಯಿಂದ ಮೈಸೂರು ಒಂದೂವರೆ ಗಂಟೆಯ ಮಾತು. ಆದರೆ ಶುಕ್ರವಾರ ಸಂಜೆ ನಿಮ್ಮ ಮನೆಯಿಂದ ಕೆಂಗೇರಿ ತಲುಪುವುದಕ್ಕೇ ಅಷ್ಟು ಬೇಕು. ಮೈಸೂರಿನ ಒಳಗೆ ಹೋಗಬೇಡಿ. ಹೊರವರ್ತುಲ ರಸ್ತೆ ಹಿಡಿದು ಹಿನಕಲ್ ಬಳಿ ಹುಣಸೂರು ರಸ್ತೆಗೆ ಸೇರಿಕೊಳ್ಳಿ. ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪ ದಾಟಿ ಮಡಿಕೇರಿಗೆ 120 ಕಿ.ಮೀ., ಹಗಲಲ್ಲಿ ಎರಡೂವರೆಯಿಂದ ಮೂರು ಗಂಟೆ. ಸಂಜೆ ಆರೂವರೆಗೆ ಹೊರಟವರು ಊಟಕ್ಕೆ ನಿಂತು ಮಡಿಕೇರಿ ಮುಟ್ಟುವಾಗ ನಡುರಾತ್ರಿ ದಾಟಿರುತ್ತದೆ. ಕುಶಾಲನಗರ ದಾಟಿದ ಮೇಲಿನ ಆನೆಕಾಡಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ, ರಾತ್ರಿ ಆನೆ ರಸ್ತೆ ದಾಟುತ್ತದೆ. ಅದರ ಮೇಲೆ ಮಂಜು. ಕೊನೆಗೆ ತೋಟದೊಳಗಿನ ಹೋಂಸ್ಟೇಯ ಮಣ್ಣುದಾರಿ, ಸಿಗ್ನಲ್ ಇಲ್ಲದ ಫೋನು. ಪ್ರವಾಸದ ಮೊದಲ ಜಗಳ ಆಗುವುದು ಬಹುಮಟ್ಟಿಗೆ ಇಲ್ಲೇ.

ಹಾಗಾಗಿ ಶುಕ್ರವಾರ ರಾತ್ರಿ ಮನೆಯಲ್ಲೇ ಮಲಗಿ. ಶನಿವಾರ ಬೆಳಿಗ್ಗೆ ಐದಕ್ಕೆ ಬಿಟ್ಟರೆ ಹುಣಸೂರು ಆಚೀಚೆ ತಿಂಡಿ, ಹತ್ತೂವರೆಗೆ ಮಡಿಕೇರಿ. ಶನಿವಾರ ಊರು: ಕೋಟೆ, ಓಂಕಾರೇಶ್ವರ ದೇವಾಲಯ, ಅರಸರ ಸಮಾಧಿಗಳಿರುವ ಗದ್ದಿಗೆ, ಸಂಜೆಗೆ ರಾಜಾಸೀಟ್. ಭಾನುವಾರ ಬೆಳಿಗ್ಗೆ ಹೊರಗಿನ ಒಂದೇ ಒಂದು ಜಾಗ. ಮಾಂದಲಪಟ್ಟಿ ಬೆಟ್ಟ ಅಥವಾ ಅಬ್ಬಿ ಜಲಪಾತ ಅಥವಾ ತಲಕಾವೇರಿ, ‘ಅಥವಾ’ವನ್ನು ‘ಮತ್ತು’ ಮಾಡಿಕೊಳ್ಳಬೇಡಿ. ಮಧ್ಯಾಹ್ನ ಎರಡಕ್ಕೆ ಹೊರಟುಬಿಡಿ. ನಾಲ್ಕಕ್ಕೆ ಹೊರಟವರಿಗೂ ಎರಡಕ್ಕೆ ಹೊರಟವರಿಗೂ ಮನೆ ಸೇರುವಾಗ ಎರಡಲ್ಲ, ಮೂರು ಗಂಟೆಯ ವ್ಯತ್ಯಾಸ ಬೀಳುತ್ತದೆ. ಭಾನುವಾರ ಸಂಜೆ ಇಡೀ ದಕ್ಷಿಣ ಕರ್ನಾಟಕ ಬೆಂಗಳೂರಿನ ಕಡೆ ಮುಖ ಮಾಡಿರುತ್ತದೆ. ದುಬಾರೆಯ ಆನೆ ಶಿಬಿರ, ಬೈಲುಕುಪ್ಪೆ ಎರಡೂ ಕುಶಾಲನಗರದ ಪಕ್ಕದವು. ಬೈಲುಕುಪ್ಪೆಯ ಚಿನ್ನದ ಬಣ್ಣದ ಬುದ್ಧರನ್ನು ನೋಡಲೇಬೇಕೆಂದಿದ್ದರೆ ಹೋಗುವಾಗಲೇ ಒಂದು ಗಂಟೆ ಇಳಿದು ನೋಡಿಕೊಳ್ಳಿ, ಅದಕ್ಕಾಗಿ ಮಡಿಕೇರಿಯಿಂದ ಇಳಿದು ಬರಬೇಡಿ.

ಸೋಮವಾರ ರಜೆ ಹಾಕಲು ಸಾಧ್ಯವಿದ್ದರೆ ಭಾನುವಾರ–ಸೋಮವಾರ ಹೋಗಿ. ಭಾನುವಾರ ಮಧ್ಯಾಹ್ನ ಊರು ಖಾಲಿಯಾಗುತ್ತದೆ, ಕೋಣೆ ಬಾಡಿಗೆಯೂ ಇಳಿಯುತ್ತದೆ. ಆಗ ಕೋಟೆಯೊಳಗಿನ ಮ್ಯೂಸಿಯಂ ಭಾನುವಾರವೇ ನೋಡಿ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ.

ರಾತ್ರಿ ಬಸ್ಸಿನಲ್ಲಿ ಹೋದರೆ ಈ ತಲೆನೋವಿಲ್ಲ ಅಲ್ಲವೇ? (ತುಮಕೂರು)

ಚಾಲನೆಯ ತಲೆನೋವಿಲ್ಲ. ಇನ್ನೊಂದಿದೆ. ಹನ್ನೊಂದರ ಹೊತ್ತಿಗೆ ಬೆಂಗಳೂರು ಬಿಟ್ಟ ಕೆಎಸ್‌ಆರ್‌ಟಿಸಿ ಬಸ್ಸು ಬೆಳಗಿನ ಜಾವ ಐದರ ಸುಮಾರಿಗೆ ನಿಮ್ಮನ್ನು ಮಡಿಕೇರಿ ನಿಲ್ದಾಣದಲ್ಲಿ ಇಳಿಸುತ್ತದೆ. ಕೋಣೆ ಸಿಗುವುದು ಹನ್ನೆರಡಕ್ಕೋ ಒಂದಕ್ಕೋ. ಚಳಿಯಲ್ಲಿ ಬ್ಯಾಗು ಹಿಡಿದು ಏಳು ಗಂಟೆ ಕಳೆಯುವುದು ಯಾರಿಗೂ ಪ್ರಣಯವಲ್ಲ. ಹಿಂದಿನ ರಾತ್ರಿಯಿಂದಲೇ ಕೋಣೆ ಹಿಡಿಯಿರಿ. ಇಲ್ಲವೇ ಬುಕ್ ಮಾಡುವಾಗಲೇ ‘ಬೆಳಿಗ್ಗೆ ಐದೂವರೆಗೆ ಬರುತ್ತೇವೆ, ಕೋಣೆ ಕೊಡುತ್ತೀರಾ, ಎಷ್ಟು ಹೆಚ್ಚು?’ ಎಂದು ಕೇಳಿ ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಸ್ಸಿನವರು ತೋಟದ ಹೋಂಸ್ಟೇ ಹಿಡಿಯದೆ ಪೇಟೆಯೊಳಗೇ ಉಳಿಯುವುದು ಲೇಸು. ರೈಲಿನ ಬಗ್ಗೆಯೂ ಇಬ್ಬರು ಕೇಳಿದ್ದಾರೆ: ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಮೈಸೂರಿನಲ್ಲಿ ಇಳಿದು ಬಸ್ಸು ಹತ್ತಬೇಕು.

ನಮ್ಮದು ಬೈಕು. (ಬೆಂಗಳೂರು)

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಊರೂರಿಗೂ ನಿಧಾನ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೇಲೆ ಕುಶಾಲನಗರಕ್ಕೆ ಬರುವ ದಾರಿ ಬೈಕಿಗೆ ಹೆಚ್ಚು ನೆಮ್ಮದಿ. ಒಬ್ಬರೇ ಓಡಿಸುವುದಾದರೆ ಅದೇ ದಿನ ಬೇರೆ ಯಾವ ಸುತ್ತಾಟವನ್ನೂ ಇಟ್ಟುಕೊಳ್ಳಬೇಡಿ.

ಕೋಟೆ ನೋಡಲು ಹೋದವರೆಲ್ಲ ‘ಏನೂ ಇಲ್ಲ, ಹತ್ತು ನಿಮಿಷ ಸಾಕು’ ಎನ್ನುತ್ತಾರೆ. ನನಗೆ ಇತಿಹಾಸ ಇಷ್ಟ, ಪತಿಗೆ ಅಷ್ಟಕ್ಕಷ್ಟೆ. ಅರ್ಧ ದಿನ ಕೊಡುವಷ್ಟು ಇದೆಯೇ? (ಹಾಸನ)

ಇದೆ, ನೋಡುವ ಕ್ರಮ ಸರಿಯಿದ್ದರೆ. ಹತ್ತು ನಿಮಿಷ ಎನ್ನುವವರು ಕೋಟೆಯನ್ನು ಬಿಡಿಯಾಗಿ ನೋಡಿರುತ್ತಾರೆ. ಅರಮನೆ, ಓಂಕಾರೇಶ್ವರ, ಗದ್ದಿಗೆ ಈ ಮೂರನ್ನೂ ಒಬ್ಬನೇ ರಾಜನ ಬದುಕು ಎಂದುಕೊಂಡು ಸಾಲಾಗಿ ನೋಡಿ. ಅವನು ಲಿಂಗರಾಜೇಂದ್ರ.

ಮೊದಲು ಎರಡು ಮಾತಿನ ಹಿನ್ನೆಲೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜಕೇರಿ ಎಂಬುದೇ ಬಾಯಲ್ಲಿ ಸವೆದು ಮಡಿಕೇರಿ ಆಯಿತು ಎನ್ನುತ್ತಾರೆ. ಅವನ ಕೋಟೆ ಮಣ್ಣಿನದು. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು ಸುಲ್ತಾನ, ಇಟ್ಟ ಹೆಸರು ಜಾಫರಾಬಾದ್. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡ ದೊಡ್ಡವೀರರಾಜೇಂದ್ರ 1790ರಲ್ಲಿ ಕೋಟೆಯನ್ನು ಮರಳಿ ಪಡೆದ. ಅವನ ನಂತರ ಬಂದ ತಮ್ಮನೇ ಲಿಂಗರಾಜೇಂದ್ರ.

ಬೆಳಿಗ್ಗೆ ಕೋಟೆಯಿಂದ ಶುರು ಮಾಡಿ. ಈಗಿನ ಅರಮನೆ ಲಿಂಗರಾಜೇಂದ್ರ 1812–14ರಲ್ಲಿ ಕಟ್ಟಿಸಿದ್ದು. ಬಹುಕಾಲ ಸರ್ಕಾರಿ ಕಚೇರಿಗಳು ಇದ್ದುದರಿಂದ ಅರಮನೆಯ ಕಳೆ ಒಂದೇ ನೋಟಕ್ಕೆ ಕಾಣುವುದಿಲ್ಲ, ಎಲ್ಲ ಕೋಣೆಗಳೂ ತೆರೆದಿರುವುದಿಲ್ಲ. ಅದಕ್ಕೇ ಜನ ಬೇಗ ಹೊರಬರುತ್ತಾರೆ. ನೀವು ಒಳ ಅಂಗಳದಲ್ಲಿ ಕಲ್ಲಿನ ಆಮೆಯನ್ನು ಹುಡುಕಿ. ಆಮೇಲೆ ಹೊರಗೆ ಈಶಾನ್ಯ ಮೂಲೆಯ ಗಾರೆಯ ಜೋಡಿ ಆನೆಗಳ ಹತ್ತಿರ ಹೋಗಿ ನಿಲ್ಲಿ. ದೂರದಿಂದ ಪಾರ್ಕಿನ ಗೊಂಬೆಗಳಂತೆ ಕಾಣುವ ಇವು ಹತ್ತಿರದಿಂದ ನಿಜ ಆನೆಯ ಗಾತ್ರದವು. ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ಬ್ರಿಟಿಷರು 1855ರಲ್ಲಿ ಕಟ್ಟಿಸಿದ್ದು, ಈಗ ಸರ್ಕಾರಿ ಮ್ಯೂಸಿಯಂ. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಕೊಡಗಿನ ಊರೂರಿನಿಂದ ತಂದ ಶಿಲ್ಪಗಳು. ಈ ಜೋಡಿ ಬೇರೆಲ್ಲೂ ಸಿಗದು.

ಅಲ್ಲಿಂದ ಇಳಿದರೆ ಓಂಕಾರೇಶ್ವರ, 1820. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಹನ್ನೊಂದೂವರೆಯೊಳಗೆ ಇಲ್ಲಿರಿ. ಶಿವಾಲಯ ಎಂದುಕೊಂಡು ಬಂದವರ ಕಣ್ಣಿಗೆ ಬೀಳುವುದು ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಗೋಪುರವಿಲ್ಲ, ಕಂಬಗಳ ನವರಂಗವಿಲ್ಲ. ಗುಮ್ಮಟದ ತುದಿಯಲ್ಲಿ ಗಾಳಿಯ ದಿಕ್ಕು ತೋರುವ ಗಾಳಿಕೋಳಿ. ಪತಿಗೆ ಬೇಸರವಾಗುವಷ್ಟರಲ್ಲಿ ಅದನ್ನು ತೋರಿಸಿ. ಬ್ರಹ್ಮಹತ್ಯೆಯ ದೋಷ ಕಳೆಯಲು ರಾಜ ಕಟ್ಟಿಸಿದ ಎಂದು ಸ್ಥಳಕಥೆ. ಎದುರಿನ ಕಲ್ಯಾಣಿಯ ನಡುವೆ ಮಂಟಪ, ಅಲ್ಲಿಗೆ ಹೋಗಲು ಕಿರಿದಾದ ಕಾಲುದಾರಿ. ಮಳೆ ಬಿದ್ದ ದಿನ ಕಲ್ಲು ಪಾಚಿಯಿಂದ ಜಾರುತ್ತದೆ. ಬರಿಗಾಲಲ್ಲಿ ನಡೆಯಬೇಕಾದ್ದರಿಂದ ಕೈ ಹಿಡಿದುಕೊಳ್ಳಲು ನೆಪ ಬೇಕಿದ್ದವರಿಗೆ ಇದು ಸಾಕು.

ದೇವಾಲಯ ಮುಗಿದ 1820ರಲ್ಲೇ ಲಿಂಗರಾಜೇಂದ್ರ ತೀರಿಕೊಂಡ. ಅವನ ಸಮಾಧಿ ಮಹದೇವಪೇಟೆಯ ಮೇಲಿನ ದಿಬ್ಬದ ಗದ್ದಿಗೆಯಲ್ಲಿದೆ. ಓಂಕಾರೇಶ್ವರ ನೋಡಿ ಬಂದವರಿಗೆ ಗದ್ದಿಗೆಯ ಗುಮ್ಮಟ, ಮಿನಾರುಗಳು ತಕ್ಷಣ ಪರಿಚಯವಾಗುತ್ತವೆ. ಅದೇ ಕೈ, ಅದೇ ಕಣ್ಣು. ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನವರ ಗದ್ದಿಗೆ ಪಕ್ಕದಲ್ಲೇ. ಹತ್ತಿರದಲ್ಲಿ ಟಿಪ್ಪುವಿನ ವಿರುದ್ಧ ಹೋರಾಡಿದ ದಂಡನಾಯಕ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯನವರ ಸಮಾಧಿಗಳೂ ಇವೆ. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಊರಿನಲ್ಲಿ ಇಬ್ಬರು ಕುಳಿತು ಮಾತಾಡಲು ಇದಕ್ಕಿಂತ ಶಾಂತವಾದ ಹುಲ್ಲುಹಾಸು ಇಲ್ಲ. ಸಮಾಧಿ ಸ್ಥಳ ಎಂಬುದು ನೆನಪಿರಲಿ, ಅಷ್ಟೆ. ಕೋಟೆಯಿಂದ ಇಲ್ಲಿಗೆ ಒಂದೂವರೆ ಕಿ.ಮೀ. ಏರು ನಡಿಗೆ. ಮೊಣಕಾಲು ನೋವಿನವರು ಆಟೊ ಹಿಡಿದು ಬಂದು ಇಳಿದು ನಡೆದುಹೋಗಬಹುದು.

ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಗದ್ದಿಗೆಯನ್ನು ಇಲ್ಲಿ ಹುಡುಕಬೇಡಿ. 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಆತ ಮುಂದೆ ಇಂಗ್ಲೆಂಡಿಗೆ ಹೋಗಿ 1859ರಲ್ಲಿ ಲಂಡನ್ನಿನಲ್ಲೇ ಸತ್ತ.

ನಿಮ್ಮ ಪತಿಗೆ ರಾಜರಿಗಿಂತ ಯಂತ್ರಗಳು ಇಷ್ಟವಾದರೆ ಜನರಲ್ ತಿಮ್ಮಯ್ಯ ಹುಟ್ಟಿ ಬೆಳೆದ ‘ಸನ್ನಿಸೈಡ್’ ಮನೆಗೆ ಕರೆದೊಯ್ಯಿರಿ. 2021ರಲ್ಲಿ ಮ್ಯೂಸಿಯಂ ಆಗಿ ತೆರೆದಿದೆ. ಹೊರಗೆ ಯುದ್ಧ ಟ್ಯಾಂಕೂ ಮಿಗ್ ವಿಮಾನವೂ ನಿಂತಿವೆ.

ರಾಜಾಸೀಟ್‌ಗೆ ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಬೇಕು. ಡಿಸೆಂಬರಿನಲ್ಲಿ ಸೂರ್ಯ ಆರರ ಹೊತ್ತಿಗೇ ಮುಳುಗುತ್ತಾನೆ, ಏಪ್ರಿಲಿನಲ್ಲಿ ಆರೂವರೆ ದಾಟುತ್ತದೆ. ಶನಿವಾರ ಅಲ್ಲಿ ಜಾತ್ರೆ. ನಮ್ಮನ್ನು ಕೇಳಿದರೆ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವುದೇ ಒಳ್ಳೆಯದು. ಸೂರ್ಯ ಬೆನ್ನ ಹಿಂದೆ, ಕಣಿವೆಯಲ್ಲಿ ಹಾಲಿನಂತೆ ನಿಂತ ಮಂಜು, ಬೆಂಚು ಖಾಲಿ.

ಹೋಂಸ್ಟೇ ಫೋಟೋ ನೋಡಿ ಮೋಸ ಹೋದವರ ಕಥೆ ಬಹಳ ಕೇಳಿದ್ದೇವೆ. ಫೋನಿನಲ್ಲಿ ಏನೇನು ವಿಚಾರಿಸಬೇಕು? (ದಾವಣಗೆರೆ)

ಮೊದಲ ಪ್ರಶ್ನೆ: ಮಡಿಕೇರಿ ಬಸ್ ನಿಲ್ದಾಣದಿಂದ ಎಷ್ಟು ಕಿಲೋಮೀಟರು? ‘ಮಡಿಕೇರಿಯಲ್ಲಿ’ ಎಂದು ಬರೆದುಕೊಂಡ ಎಷ್ಟೋ ಮನೆಗಳು 20–25 ಕಿ.ಮೀ. ದೂರದವು. ಅದರಲ್ಲಿ ತಪ್ಪೇನಿಲ್ಲ, ಆದರೆ ರಾತ್ರಿ ಊಟಕ್ಕೆ ಪೇಟೆಗೆ ಹೋಗಿಬರುವ ಯೋಚನೆ ಬಿಡಬೇಕು.

ಎರಡನೆಯದು: ಕೊನೆಯ ಒಂದು ಕಿಲೋಮೀಟರು ಹೇಗಿದೆ? ‘ಕಾರು ಬರುತ್ತದೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ, ಮನೆಯವರ ಲೆಕ್ಕದಲ್ಲಿ ಕಾರು ಎಂದರೆ ಜೀಪೂ ಇರಬಹುದು. ನಿಮ್ಮ ಕಾರಿನ ಹೆಸರು ಹೇಳಿ, ಇಬ್ಬರು ಕುಳಿತು ಬ್ಯಾಗಿಟ್ಟುಕೊಂಡು ಮಳೆ ಬಿದ್ದ ಮರುದಿನ ಹತ್ತುತ್ತದೆಯೇ ಎಂದು ಕೇಳಿ. ಇಲ್ಲವಾದರೆ ಕಾರು ಎಲ್ಲಿ ನಿಲ್ಲಿಸಬೇಕು, ಜೀಪು ಯಾರು ಕಳಿಸುತ್ತಾರೆ, ಅದರ ದುಡ್ಡು ಬಾಡಿಗೆಯಲ್ಲಿ ಸೇರಿದೆಯೇ?

ಬಿಸಿನೀರು ಗೀಸರಿನದೋ ಸೋಲಾರಿನದೋ ಸೌದೆ ಒಲೆಯದೋ? ಮೋಡದ ದಿನ ಸೋಲಾರು ಕೈಕೊಡುತ್ತದೆ, ಒಲೆಯದಾದರೆ ಗಂಟೆ ನಿಗದಿ ಇರುತ್ತದೆ. ಕರೆಂಟು ಹೋದರೆ ಇನ್ವರ್ಟರ್ ಇದೆಯೇ? ಯಾವ ಕಂಪನಿಯ ಸಿಮ್ಮಿಗೆ ಸಿಗ್ನಲ್ ಸಿಗುತ್ತದೆ? ದಂಪತಿಗಳು ಕೇಳಲು ಮರೆಯುವ, ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಆ ರಾತ್ರಿ ಉಳಿದ ಕೋಣೆಗಳಲ್ಲಿ ಯಾರಿದ್ದಾರೆ? ಹನ್ನೆರಡು ಜನರ ಆಫೀಸು ತಂಡ ಸ್ಪೀಕರು ತಂದು ಕ್ಯಾಂಪ್‌ಫೈರ್ ಹಾಕಿದರೆ ನಿಮ್ಮ ಶಾಂತಿಯ ಬಾಡಿಗೆ ನೀರಲ್ಲಿ ಹೋಮ. ಕೋಣೆಗಳ ನಡುವಿನ ಗೋಡೆ ಹಲಗೆಯದೋ ಇಟ್ಟಿಗೆಯದೋ ಎಂಬುದನ್ನೂ ನಾಚಿಕೆಯಿಲ್ಲದೆ ಕೇಳಿ.

ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಕೊಡಲು ತಡವರಿಸಿದರೆ ಬೇರೆ ಮನೆ ನೋಡಿ. ಮುಂಗಡ ಕಳಿಸುವ ಮುನ್ನ ನಕ್ಷೆಯಲ್ಲಿರುವ ಫೋನ್ ಸಂಖ್ಯೆಯೂ ನಿಮ್ಮೊಂದಿಗೆ ಮಾತಾಡುತ್ತಿರುವ ಸಂಖ್ಯೆಯೂ ಒಂದೇ ಎಂದು ಖಚಿತಪಡಿಸಿಕೊಳ್ಳಿ. ಮಳೆಯಿಂದ ರಸ್ತೆ ಮುಚ್ಚಿದರೆ ಮುಂಗಡದ ಗತಿಯೇನು ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ನಮಗಿನ್ನೂ ಮದುವೆಯಾಗಿಲ್ಲ. ಕೋಣೆ ಕೊಡುವುದಿಲ್ಲ ಎಂದರೆ? (ಊರು ಬೇಡ)

ವಯಸ್ಕರಿಬ್ಬರು ಮದುವೆಯಾಗದೆ ಒಂದು ಕೋಣೆಯಲ್ಲಿ ಉಳಿಯುವುದನ್ನು ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಮದ್ರಾಸ್ ಹೈಕೋರ್ಟ್ 2019ರಲ್ಲಿ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಮನೆಯ ಒಂದು ಭಾಗವನ್ನೇ ಬಾಡಿಗೆಗೆ ಕೊಡುವ ಕೆಲವು ಹೋಂಸ್ಟೇಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ರಾತ್ರಿ ಎಂಟಕ್ಕೆ ಬಾಗಿಲಲ್ಲಿ ನಿಂತು ವಾದ ಗೆದ್ದರೂ ನಿದ್ದೆ ಬರುವುದಿಲ್ಲ. ಬುಕ್ ಮಾಡುವಾಗಲೇ ನೇರವಾಗಿ ಕೇಳಿ, ಒಪ್ಪಿಗೆಯ ಸಂದೇಶ ಇಟ್ಟುಕೊಳ್ಳಿ.

ಗುರುತಿನ ಚೀಟಿ ಇಬ್ಬರದೂ ಬೇಕು, ಒಬ್ಬರದು ಸಾಲದು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಅದನ್ನು ಒಪ್ಪುವುದಿಲ್ಲ. ಆಧಾರ್ ಪ್ರತಿ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿಯನ್ನು ಆಧಾರ್ ಜಾಲತಾಣದಿಂದ ಇಳಿಸಿಕೊಂಡು ಹೋಗಿ. ಇದು ಮದುವೆಯಾದವರಿಗೂ ಅನ್ವಯ.

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಚೆಂದ ಎನ್ನುತ್ತಾರೆ, ಭಯವೂ ಆಗುತ್ತದೆ. (ಹುಬ್ಬಳ್ಳಿ)

ಎರಡೂ ನಿಜ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್. ಜುಲೈ–ಆಗಸ್ಟ್‌ನಲ್ಲಿ ಅಬ್ಬಿಯ ಎದುರು ನಿಂತರೆ ತುಂತುರಿಗೇ ಪೂರ್ತಿ ನೆನೆಯುತ್ತೀರಿ. ಮಾರ್ಚಿನಲ್ಲಿ ಅದೇ ಜಾಗದಲ್ಲಿ ಬಂಡೆಯ ಮೇಲೆ ನಾಲ್ಕು ಗೆರೆ ನೀರು. ಆದರೆ 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳೇ ಜಾರಿ ಬಂದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. ಮಳೆಗಾಲದಲ್ಲೇ ಹೋಗುವುದಾದರೆ ಹಣ ವಾಪಸು ಸಿಗುವ ಬುಕಿಂಗ್ ಮಾತ್ರ ಮಾಡಿ, ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಕೊಡಗಿಗೆ ರೆಡ್ ಅಲರ್ಟ್ ಇದ್ದರೆ ಹೊರಡಲೇಬೇಡಿ. ಆರೆಂಜ್ ಇದ್ದರೂ ಬೆಟ್ಟ, ಜಲಪಾತ ಬಿಟ್ಟು ಕೋಣೆಯ ಜಗುಲಿಯಲ್ಲಿ ಕೂರುವ ಮನಸ್ಸಿದ್ದರೆ ಮಾತ್ರ.

ಜಿಗಣೆಗೆ ಹೆದರಿ ಬಿಡಬೇಕಾಗಿಲ್ಲ. ಪ್ಯಾಂಟಿನ ಕೆಳತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಹತ್ತು ನಿಮಿಷಕ್ಕೊಮ್ಮೆ ಒಬ್ಬರ ಕಾಲು ಇನ್ನೊಬ್ಬರು ನೋಡಿ. ಕಚ್ಚಿದರೆ ಎಳೆಯಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಉಗುರನ್ನು ಅದರ ಬಾಯಿಯ ಕೆಳಗೆ ಚರ್ಮಕ್ಕೆ ಒತ್ತಿ ಜಾರಿಸಿದರೆ ಬಿಡುತ್ತದೆ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ಬಿಟ್ಟ ಮೇಲೂ ರಕ್ತ ಬರುತ್ತಿರುತ್ತದೆ. ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ, ಗಾಬರಿ ಬೇಡ.

ನಮ್ಮ ಆಯ್ಕೆ ಬೇರೆ: ಮಾರ್ಚ್–ಏಪ್ರಿಲ್‌ನ ಹೂಮಳೆ. ಮೊದಲ ಒಳ್ಳೆಯ ಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಕಾಫಿ ಗಿಡದ ರೆಂಬೆರೆಂಬೆಯೂ ಬಿಳಿ. ಮಲ್ಲಿಗೆಯಂಥದೇ ಪರಿಮಳ, ಬೆಳಗಿನ ಜಾವ ಕಿಟಕಿ ತೆರೆದರೆ ಕೋಣೆ ತುಂಬುತ್ತದೆ. ಎರಡು ಮೂರು ದಿನ ಅಷ್ಟೆ, ಆಮೇಲೆ ಹೂ ಕಂದುತ್ತದೆ. ದಿನ ಮೊದಲೇ ಹೇಳಲು ಬಾರದು. ಹೋಂಸ್ಟೇಯವರ ಫೋನ್ ಸಂಖ್ಯೆ ಇಟ್ಟುಕೊಂಡು ‘ಮಳೆ ಬಿತ್ತೇ?’ ಎಂದು ವಿಚಾರಿಸುತ್ತಿರಿ, ಬಿತ್ತು ಎಂದ ಮುಂದಿನ ವಾರಾಂತ್ಯಕ್ಕೆ ಹೊರಡಿ. ನವೆಂಬರ್‌ನಿಂದ ಫೆಬ್ರವರಿ ಎಲ್ಲರಿಗೂ ಗೊತ್ತಿರುವ ಕಾಲ: ಒಣ ಹವೆ, ಚಳಿ, ಕಾಫಿ ಕುಯ್ಲು, ಕಣದಲ್ಲಿ ಒಣಗುವ ಹಣ್ಣು. ಕೋಣೆ ಮಾತ್ರ ಮೊದಲೇ ಹಿಡಿಯಬೇಕು.

ದಸರಾಕ್ಕೆ? (ಮಂಡ್ಯ)

ಮಡಿಕೇರಿ ದಸರಾ ರಾತ್ರಿಯ ಹಬ್ಬ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ದಶಮಂಟಪಗಳು ವಿದ್ಯುದ್ದೀಪ, ಚಲಿಸುವ ಗೊಂಬೆಗಳೊಂದಿಗೆ ಬೆಳಗಿನವರೆಗೆ ಬೀದಿಯಲ್ಲಿರುತ್ತವೆ. ನೋಡಬೇಕಾದದ್ದೇ. ಆದರೆ ಅದು ಜನಸಾಗರದೊಳಗಿನ ಸಂಭ್ರಮ, ಏಕಾಂತವಲ್ಲ. ಆ ರಾತ್ರಿ ಪೇಟೆಯೊಳಗೆ ಕಾರು ಆಡದು. ನಡೆದು ತಲುಪುವಷ್ಟು ಹತ್ತಿರ ಕೋಣೆ ಸಿಕ್ಕಿದ್ದರೆ ಮಾತ್ರ ಹೋಗಿ.

ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಬೇಕು. ಲೈಸೆನ್ಸ್ ಸಿಕ್ಕಿ ಎಂಟು ತಿಂಗಳು. ಘಾಟಿ ಓಡಿಸಿಲ್ಲ. ಜೊತೆಗೆ ಹೆಂಡತಿಗೆ ತಿರುವಿನಲ್ಲಿ ವಾಂತಿ. (ಮಂಗಳೂರು)

ಹಗಲಲ್ಲಿ ಹೊರಟರೆ ಆಗದ್ದೇನಲ್ಲ. ಪುತ್ತೂರು, ಸುಳ್ಯ ದಾಟಿ ಸಂಪಾಜೆಯವರೆಗೆ ಸಾಧಾರಣ ರಸ್ತೆ. ಅಲ್ಲಿಂದ ಮಡಿಕೇರಿವರೆಗೆ ಏರು.

ಹತ್ತುವಾಗ ಹೊಸಬರು ಮಾಡುವ ತಪ್ಪು, ತಿರುವಿನೊಳಗೆ ಹೋದ ಮೇಲೆ ಗೇರು ಇಳಿಸುವುದು. ಕ್ಲಚ್ ಒತ್ತಿದ ಕ್ಷಣ ಎಳೆತ ತಪ್ಪಿ ಗಾಡಿ ನಿಲ್ಲುತ್ತದೆ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತದೆ, ಕೈಕಾಲು ನಡುಗುತ್ತದೆ. ತಿರುವಿಗೆ 20–30 ಮೀಟರ್ ಮೊದಲೇ ಎರಡನೆಯ ಗೇರಿಗೆ ಬನ್ನಿ, ತುಂಬ ಕಡಿದಾದರೆ ಒಂದಕ್ಕೆ. ನಿಂತುಹೋದರೆ ಹ್ಯಾಂಡ್‌ಬ್ರೇಕ್ ಎಳೆದು, ಒಂದನೆಯ ಗೇರು ಹಾಕಿ, ಕ್ಲಚ್ ಕಚ್ಚಿ ಗಾಡಿಯ ಮೂತಿ ತುಸು ಏಳುವುದು ತಿಳಿದ ಮೇಲೆ ಬ್ರೇಕ್ ಬಿಡಿ. ಮನೆಯ ಹತ್ತಿರದ ಯಾವುದಾದರೂ ಏರಿನಲ್ಲಿ ಇದನ್ನು ಇಪ್ಪತ್ತು ಸಲ ಮಾಡಿಕೊಂಡೇ ಹೊರಡಿ. ಕಿರಿದಾದ ಜಾಗದಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ.

ಇಳಿಯುವಾಗಿನ ತಪ್ಪು ಹೆಚ್ಚು ಅಪಾಯದ್ದು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರುವುದು. ಕೆಲವೇ ಕಿಲೋಮೀಟರಿಗೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಬ್ರೇಕ್ ಹಿಡಿತ ತಪ್ಪುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದರಲ್ಲೇ ಇಳಿಯಿರಿ, ಎಂಜಿನ್ನೇ ತಡೆಯಲಿ. ಆಟೊಮ್ಯಾಟಿಕ್ ಆದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುವಲ್‌ಗೆ ಹಾಕಿ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ, ಚಕ್ರಕ್ಕೆ ನೀರು ಹೊಡೆಯಬೇಡಿ.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಲೋಬೀಮ್, ಫಾಗ್ ಲೈಟು, ಎಡಬದಿಯ ಬಿಳಿ ಗೆರೆ, ಇಷ್ಟೇ ಆಧಾರ. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡರೆ ನೀವು ತಿರುಗುವುದು ಹಿಂದಿನವರಿಗೆ ತಿಳಿಯುವುದಿಲ್ಲ.

ವಾಂತಿಗೆ: ಹೊರಡುವ ಮುನ್ನ ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ, ಎರಡು ಇಡ್ಲಿ ಸಾಕು. ಮುಂದಿನ ಸೀಟು, ಕಿಟಕಿ ಎರಡು ಬೆರಳು ತೆರೆದು, ಕಣ್ಣು ದೂರದ ರಸ್ತೆಯ ಮೇಲೆ. ಫೋನು ನೋಡಲೇಬಾರದು, ಹಾಗಾಗಿ ದಾರಿ ತೋರಿಸುವ ಕೆಲಸ ಅವರಿಗೆ ಕೊಡಬೇಡಿ. ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ ಘಾಟಿಗೆ ಅರ್ಧ–ಒಂದು ಗಂಟೆ ಮೊದಲು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ನಿಲ್ಲುವುದಿಲ್ಲ. ನಿದ್ದೆ ಬರಿಸುವ ಮಾತ್ರೆ ಅದು, ಓಡಿಸುವವರು ಮುಟ್ಟಬಾರದು. ಸಂಪಾಜೆಯಲ್ಲಿ ಹತ್ತು ನಿಮಿಷ ಇಳಿದು ನಡೆದರೆ ಅರ್ಧ ಗೆದ್ದಂತೆ.

ಮಾಂದಲಪಟ್ಟಿಗೆ ಸ್ವಂತ ಕಾರು ಹೋಗುತ್ತದೆಯೇ? (ಶಿವಮೊಗ್ಗ)

ಕೊನೆಯ ಭಾಗಕ್ಕೆ ಬೇಡ. ಕಲ್ಲು, ಕೊರಕಲು, ಕಾರಿನ ತಳ ಬಡಿಯುತ್ತದೆ. ಜೀಪು ಹಿಡಿಯಿರಿ. ಬಾಡಿಗೆ ಜೀಪಿಗೆ, ತಲೆಗಲ್ಲ. ಇಬ್ಬರೇ ಆದರೆ ಇನ್ನೊಂದು ಜೋಡಿ ಸಿಗುವವರೆಗೆ ಹತ್ತು ನಿಮಿಷ ಕಾದು ಹಂಚಿಕೊಳ್ಳಿ. ಮೇಲೆ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ನಡು ಹಗಲಲ್ಲಿ ಬಿಸಿಲು, ಮಧ್ಯಾಹ್ನದ ಮೇಲೆ ಮೋಡ. ಹೋಗುವುದಾದರೆ ಬೆಳಗಿನ ಮೊದಲ ಜೀಪಿಗೇ. ಬೆನ್ನುನೋವಿನವರು, ಗರ್ಭಿಣಿಯರು ಆ ಕುಲುಕಾಟಕ್ಕೆ ಹೋಗಬೇಡಿ.

ನಾನು ಸಸ್ಯಾಹಾರಿ, ಅವರಿಗೆ ಹಂದಿಮಾಂಸದ ಪಂದಿಕರಿ ತಿನ್ನಲೇಬೇಕು. ಒಂದೇ ಮೇಜಿನಲ್ಲಿ ಸಾಧ್ಯವೇ? (ಧಾರವಾಡ)

ಆರಾಮವಾಗಿ. ಕಡಂಬುಟ್ಟು (ಅಕ್ಕಿ ತರಿಯ ಉಂಡೆಯನ್ನು ಹಬೆಯಲ್ಲಿ ಬೇಯಿಸಿದ್ದು), ಶಾವಿಗೆಯಂಥ ನೂಲ್‌ಪುಟ್ಟು, ಹಾಲು ತೆಂಗಿನಕಾಯಿ ಹಾಕಿದ ಪಾಪುಟ್ಟು, ಅನ್ನ ಮತ್ತು ಅಕ್ಕಿಹಿಟ್ಟು ನಾದಿ ತಟ್ಟಿದ ಅಕ್ಕಿ ಒಟ್ಟಿ ಎಲ್ಲವೂ ಇಬ್ಬರಿಗೂ ಸಲ್ಲುತ್ತವೆ. ಅವರ ತಟ್ಟೆಗೆ ಹುರಿದ ಮಸಾಲೆಯ, ಕಾಚಂಪುಳಿಯ ಹುಳಿಯಿಂದ ಕಪ್ಪಾದ ಪಂದಿಕರಿ. ನಿಮಗೆ ಮಳೆಗಾಲವಾದರೆ ಬೈಂಬಳೆ ಅಂದರೆ ಎಳೆ ಬಿದಿರು, ಕುಮ್ಮು ಅಂದರೆ ಅಣಬೆ. ಆದರೆ ಇವು ಹೋಟೆಲಿನಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ. ಬೈಂಬಳೆಯನ್ನು ಹೆಚ್ಚಿ ದಿನಗಟ್ಟಲೆ ನೀರಲ್ಲಿ ನೆನೆಸಬೇಕು. ಹೋಂಸ್ಟೇಯವರಿಗೆ ಎರಡು ದಿನ ಮೊದಲು ಹೇಳಿ. ಸೌಟು, ಬಾಣಲೆ ಬೇರೆ ಇರಬೇಕೆಂದಿದ್ದರೆ ಅದನ್ನೂ ಆಗಲೇ ಹೇಳಿಬಿಡಿ, ಬಡಿಸಿದ ಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ.

ಆಗಸ್ಟ್ ಮೊದಲ ವಾರ, ಕೊಡವರ ಕಕ್ಕಡ ತಿಂಗಳ 18ರ ಆಸುಪಾಸು ಹೋದರೆ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಸಿಗಬಹುದು. ಮರುದಿನ ಮೂತ್ರ ಕೆಂಪಾದರೆ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ.

ಬರುವಾಗ ಏನು ತರೋಣ? (ಬೆಳಗಾವಿ)

ಕಾಫಿ. ಪೊಟ್ಟಣದ ಮೇಲೆ ಚಿಕೋರಿ ಎಂಬ ಬೇರಿನ ಪುಡಿ ಶೇಕಡಾ ಎಷ್ಟೆಂದು ಬರೆದಿರಲೇಬೇಕು. 49ರವರೆಗೂ ಬೆರೆಸಲು ಅವಕಾಶವಿದೆ, ಹಾಗಾಗಿ ‘ಕೊಡಗು ಕಾಫಿ’ ಎಂದು ಬರೆದ ಮಾತ್ರಕ್ಕೆ ಅದರಲ್ಲಿ ಅರ್ಧ ಚಿಕೋರಿಯೇ ಇರಬಹುದು. ಪುಡಿಯಾದರೆ ಕಾಲು ಕಿಲೋಗಿಂತ ಹೆಚ್ಚು ಬೇಡ, ಎರಡು ಮೂರು ವಾರಕ್ಕೆ ಪರಿಮಳ ಹಾರುತ್ತದೆ. ಮನೆಯಲ್ಲಿ ಗ್ರೈಂಡರ್ ಇದ್ದರೆ ಹುರಿದ ಬೀಜವನ್ನೇ ತನ್ನಿ. ನವೆಂಬರ್–ಜನವರಿಯಾದರೆ ಕಿತ್ತಳೆ: ಕೊಡಗಿನದು ಸಿಪ್ಪೆ ಬಿಗಿ, ಹಳದಿಗೆ ತಿರುಗಿದ ಹಸಿರು. ಕಡು ಕೇಸರಿ ಬಣ್ಣದ್ದು ಹೊರಗಿನಿಂದ ಬಂದಿದ್ದೇ ಇರಬೇಕು.

ಜೇನನ್ನು ನೀರಿಗೆ ಹನಿಸಿ ‘ನೋಡಿ, ಕರಗಲಿಲ್ಲ’ ಎಂದು ತೋರಿಸುವವರಿಗೆ ಮರುಳಾಗಬೇಡಿ, ಗಟ್ಟಿ ಸಕ್ಕರೆ ಪಾಕವೂ ಹಾಗೆಯೇ ತಳಕ್ಕಿಳಿಯುತ್ತದೆ. ಹರಳುಗಟ್ಟಿದ ಜೇನು ಕಲಬೆರಕೆ ಎಂಬುದೂ ಸುಳ್ಳು. ಪರವಾನಗಿ ಸಂಖ್ಯೆ, ತುಂಬಿದ ದಿನಾಂಕ ಇರುವ ಮುಚ್ಚಿದ ಬಾಟಲಿ ಕೊಳ್ಳಿ. ಬಾಟಲಿಯನ್ನು ಬಟ್ಟೆಯ ಬ್ಯಾಗಿನೊಳಗೆ ಇಡಬೇಡಿ, ಘಾಟಿಯ ಎರಡನೆಯ ತಿರುವಿನಲ್ಲೇ ಮುಚ್ಚಳ ಸಡಿಲವಾಗುತ್ತದೆ.